ಕೊಡೆ ಹಿಡಿದ ಕೈಯ ಹೆಜ್ಜೆ ಲೆಕ್ಕಕ್ಕಿಲ್ಲ: ಜಿಪಿಎಸ್ ವಾಚ್ ಜೊತೆ 20 ತಿಂಗಳು

ಹೋದ ವರ್ಷ ಜುಲೈ. ಉಡುಪಿ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರದ ಆಫೀಸಿನಿಂದ ಅಂಬಲಪಾಡಿಯ ಮನೆಗೆ ಜೋರು ಮಳೆಯಲ್ಲೇ ನಡೆದು ಬಂದೆ. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ತರಕಾರಿ ಚೀಲ. ಮೊಣಕಾಲಿನ ತನಕ ಚಂಡಿ. ಜಗಲಿಯಲ್ಲಿ ಕೂತು ವಾಚ್ ನೋಡಿದರೆ ಇಡೀ ದಾರಿಗೆ ಮುನ್ನೂರು ಚಿಲ್ಲರೆ ಹೆಜ್ಜೆ! ಮರುದಿನ ಅದೇ ದಾರಿಯಲ್ಲಿ ಮನಸ್ಸಿನಲ್ಲೇ ಎಣಿಸುತ್ತಾ ಬಂದೆ. 2,600 ದಾಟಿತು.

ವಾಚ್ ಹೆಜ್ಜೆ ಎಣಿಸುವುದು ಕಾಲು ನೋಡಿ ಅಲ್ಲ, ಕೈ ನೋಡಿ. ಒಳಗಿರುವ ಆಕ್ಸೆಲೆರೋಮೀಟರ್‌ಗೆ ಕೈ ಬೀಸುವುದು ಗೊತ್ತಾಗಬೇಕು. ಕೊಡೆ ಹಿಡಿದ ಕೈ ಅಲುಗುವುದೇ ಇಲ್ಲ, ಅಲ್ವಾ? ನಮ್ಮೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ ಇಲ್ಲದೆ ಅಂಗಳ ದಾಟುವ ಹಾಗಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು! ಎಂಟು ಸಾವಿರ ಕೊಟ್ಟು ತಗೊಂಡಿದ್ದೆ. ಕೊಳ್ಳುವ ಮೊದಲು ಹತ್ತಾರು ವಿಮರ್ಶೆ ಓದಿದ್ದೆ, ಒಬ್ಬರೂ ಕೊಡೆಯ ಮಾತು ಎತ್ತಿರಲಿಲ್ಲ. ಆಫೀಸಿನಲ್ಲಿ ಎಂಟು ಜನ ಸೇರಿ ಆ ತಿಂಗಳು ಹೆಜ್ಜೆ ಪಂದ್ಯ ಇಟ್ಟಿದ್ದೆವು. ದಿನಾ ನಡೆದೂ ನಾನೇ ಕೊನೆ. ನಿಜಕ್ಕೂ ಬೇಜಾರಾಯಿತು. ಬೇರೆ ಕಂಪನಿಯ ವಾಚ್ ಕಟ್ಟುವ ಸಹೋದ್ಯೋಗಿಯದ್ದೂ ಇದೇ ಕಥೆ, ಹಾಗಾಗಿ ಒಂದು ಕಂಪನಿಯ ಹೆಸರು ಹಿಡಿದು ದೂರುವುದಿಲ್ಲ.

ಆಮೇಲೆ ಒಂದು ದಾರಿ ಸಿಕ್ಕಿತು. ಹೊರಡುವಾಗಲೇ 'ವಾಕ್' ಒತ್ತಿಬಿಟ್ಟರೆ ಜಿಪಿಎಸ್ ಶುರುವಾಗುತ್ತದೆ. ಕೈ ಅಲುಗಲಿ ಬಿಡಲಿ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ನಡೆದೆ ಎಂಬುದು ಬರುತ್ತದೆ. ಮಳೆಯಿಂದ ಜಿಪಿಎಸ್‌ಗೆ ತೊಂದರೆ ಇಲ್ಲ. ತೊಂದರೆ ಇರುವುದು ದಟ್ಟ ಮರಗಳ ಅಡಿಯಲ್ಲಿ, ಎತ್ತರದ ಗೋಡೆಗಳ ನಡುವೆ. ರಥಬೀದಿಯಲ್ಲಿ ಸುತ್ತು ಹಾಕಿದ ಒಂದು ದಿನ ನನ್ನ ಗೆರೆ ಸೀದಾ ಮಧ್ವ ಸರೋವರದ ಮೇಲೆ ಹಾದುಹೋಗಿತ್ತು.

ಬೆಳಿಗ್ಗೆ ಉಪಗ್ರಹ ಹುಡುಕಲು ವಾಚ್‌ಗೆ ಅರ್ಧ ನಿಮಿಷ ಬೇಕು. ತೆಂಗಿನ ಗರಿ ಅಡ್ಡ ಬಂದರೆ ಇನ್ನೂ ಸ್ವಲ್ಪ ಜಾಸ್ತಿ. ಐದೂಮುಕ್ಕಾಲಕ್ಕೆ ತುಳಸಿಕಟ್ಟೆಯ ಪಕ್ಕ, ಆಕಾಶ ಕಾಣುವ ಜಾಗದಲ್ಲಿ ನಿಲ್ಲುತ್ತೇನೆ. ಪಾರಿಜಾತ ಬಿಡುವ ದಿನಗಳಾದರೆ ಅಷ್ಟರಲ್ಲಿ ಬಿದ್ದ ಹೂ ಹೆಕ್ಕುತ್ತೇನೆ. ಒದ್ದೆ ಮಣ್ಣು ಹತ್ತದ ಹಾಗೆ ಕೇಸರಿ ತೊಟ್ಟು ಹಿಡಿದು ಒಂದೊಂದೇ. ಮಣಿಕಟ್ಟಿನಲ್ಲಿ ವಾಚ್ ಝುಂ ಎಂದಾಗ ಹೂವನ್ನು ಕಟ್ಟೆಯ ಮೇಲಿಟ್ಟು ಹೊರಡುವುದು. ಮೊದಲು ಈ ಕಾಯುವಿಕೆ ಕಿರಿಕಿರಿ ಅನಿಸುತ್ತಿತ್ತು. ಈಗ ದಿನದಲ್ಲಿ ನನಗೆ ತುಂಬಾ ಇಷ್ಟದ ಹೊತ್ತು ಅದೇ. ವಾಪಸ್ ಬಂದು ಪಟ್ಟಿಯನ್ನು ಬರೀ ನೀರಿನಲ್ಲಿ ತೊಳೆದು ಒಣಗಿಸುತ್ತೇನೆ. ಕರಾವಳಿಯ ಬೆವರಿಗೆ ಹಾಗೇ ಬಿಟ್ಟರೆ ಕೈಯಲ್ಲಿ ತುರಿಕೆ ಖಂಡಿತ.

ಅಜ್ಜರಕಾಡು ಸ್ಟೇಡಿಯಂನಲ್ಲಿ ಓಡುವವರಿಗೆ ಒಳಗಿನ ಲೇನ್ ಬಿಟ್ಟು ತೀರಾ ಹೊರಗಿನಲ್ಲಿ ನಡೆಯುತ್ತೇನೆ. ಹತ್ತು ಸುತ್ತಿಗೆ 4 ಕಿ.ಮೀ. ಅಂತ ನನ್ನ ಲೆಕ್ಕ, ವಾಚ್ 4.5 ತೋರಿಸುತ್ತಿತ್ತು. ಇದೂ ಸುಳ್ಳು ಎಂದುಕೊಂಡೆ. ಮಣಿಪಾಲದಲ್ಲಿ ಓದುವ ಮಗಳು ಕಾಗದದಲ್ಲಿ ಬರೆದು ತೋರಿಸಿದಳು. 400 ಮೀಟರ್ ಇರುವುದು ಒಳಗಿನ ಮೊದಲ ಲೇನಿಗೆ ಮಾತ್ರ, ಎಂಟನೇ ಲೇನ್‌ನಲ್ಲಿ ಒಂದು ಸುತ್ತಿಗೆ 50 ಮೀಟರ್‌ಗಿಂತ ಜಾಸ್ತಿ ಬೀಳುತ್ತದೆ. ವಾಚ್ ಸರಿಯಾಗಿಯೇ ಹೇಳಿತ್ತು. ಅವತ್ತಿನಿಂದ ಅದರ ಮೇಲಿನ ಸಿಟ್ಟು ಕಡಿಮೆಯಾಯಿತು.

ಒಂದು ವರ್ಷದ ಗೆರೆಗಳನ್ನೆಲ್ಲ ಒಂದೇ ಮ್ಯಾಪ್‌ನಲ್ಲಿ ತೆರೆದು ತೋರಿಸಿದ್ದೂ ಅವಳೇ. ನಾನು ಬೆಳಿಗ್ಗೆ ನಡೆಯುವವಳು, ಸ್ಟೇಡಿಯಂನವಳು ಎಂದೇ ನಂಬಿದ್ದೆ. ಆದರೆ ಅಜ್ಜರಕಾಡಿನ ಗೆರೆ ತೆಳು. ದಪ್ಪಗೆ ಕಂಡದ್ದು ರಥಬೀದಿ ಮತ್ತು ಅಲ್ಲಿಂದ ಮನೆಯ ದಾರಿ. ಮೂರರಲ್ಲಿ ಎರಡು ಪಾಲು ನಡಿಗೆ ಸಂಜೆ ಆರರ ನಂತರದ್ದು. "ಅಮ್ಮಾ, ಬೆಳಿಗ್ಗೆ ಏಳಲಾಗಲಿಲ್ಲ ಅಂತ ಸುಮ್ನೆ ಬೈಕೊಳ್ತೀಯಲ್ಲ. ನೀನು ಸಂಜೆ ನಡೆಯೋಳು" ಎಂದಳು. ಆಫೀಸ್ ಬಿಟ್ಟು ಅಷ್ಟ ಮಠಗಳ ಮುಂದೆ ನಾಲ್ಕು ಸುತ್ತು ಹಾಕಿ ಮನೆಗೆ ಹೋಗುವುದನ್ನು ನಾನು ವ್ಯಾಯಾಮ ಎಂದು ಎಣಿಸಿಯೇ ಇರಲಿಲ್ಲ!

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನೂ ಕೈಬಿಟ್ಟೆ. ಆ ಸಂಖ್ಯೆ ಬಂದದ್ದು ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಮಿಷದ ಲೆಕ್ಕ. ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವ ಹಾಗೆ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಎಂಬ ಹಳೆಯ ಶರತ್ತನ್ನು 2020ರಲ್ಲಿ ತೆಗೆದಿದ್ದಾರೆ. ನನ್ನ ತುಂಡು ತುಂಡು ನಡಿಗೆಗೆ ಇದೇ ಸರಿ. ಡಾಕ್ಟರಿಗೂ ಈಗ ನಿಮಿಷವನ್ನೇ ತೋರಿಸುತ್ತೇನೆ.

ಹೆಂಗಸರಿಗೆ ಒಂದು ಮಾತು ಹೇಳಲೇಬೇಕು. ಈ ಮ್ಯಾಪ್ ನಿಮ್ಮ ಗೇಟಿನಿಂದಲೇ ಶುರುವಾಗುತ್ತದೆ. ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಒಬ್ಬರೇ ಹೋಗುತ್ತೀರಿ ಎಲ್ಲವೂ ಅದರಲ್ಲಿದೆ. ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಓಟಗಾರರ ಮ್ಯಾಪ್‌ನಿಂದ ಸೇನಾ ನೆಲೆಗಳೇ ಬಯಲಾದದ್ದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ನಾನಂತೂ ಶೇರಿಂಗ್ ಪೂರ್ತಿ ಬಂದ್ ಮಾಡಿದ್ದೇನೆ.

ತಗೊಳ್ಳಬಹುದಾ? ಹೆಜ್ಜೆ ಎಣಿಸಲಿಕ್ಕೆ ಮಾತ್ರ ಆದರೆ ಇಷ್ಟು ದುಡ್ಡು ಬೇಡ. ಎಲ್ಲಿ, ಯಾವಾಗ ನಡೆಯುತ್ತೀರಿ ಎಂದು ತಿಳಿಯಬೇಕಿದ್ದರೆ ಧಾರಾಳವಾಗಿ ತಗೊಳ್ಳಿ, ಫೋನಿನ ಜಿಪಿಎಸ್ ನೆಚ್ಚಿಕೊಳ್ಳದೆ ಸ್ವಂತ ಜಿಪಿಎಸ್ ಇರುವುದನ್ನೇ.

ಈ ಜೂನ್‌ನಿಂದ ವಾಚ್ ಬಲಗೈಗೆ ಬಂದಿದೆ. ಕೊಡೆ ಎಡಗೈಯಲ್ಲೇ. ತರಕಾರಿ ಚೀಲ ಹೆಗಲಿಗೆ.