ಹಳೇ ಫ್ರೆಂಚ್ ಕಂಚಿನ ಶಿಲ್ಪ ಕೊಳ್ಳುವ ಮುನ್ನ ಬುಡ ತಿರುಗಿಸಿ ನೋಡಿ

ಪ್ಯಾರಿಸಿನ ಒಂದು ಅಂಗಡಿಯಲ್ಲಿ ‘ಹತ್ತೊಂಬತ್ತನೇ ಶತಮಾನದ್ದು, ಶಿಲ್ಪಿ ಮೆನ್’ ಎಂದು ಬಾಯಿಮಾತಿನಲ್ಲಿ ಹೇಳಿ ಮಾರಿದ ಕುದುರೆ ಜೋಡಿಯೊಂದು ಕೊಂಡವರ ಕೆಲವು ಸಾವಿರ ಯೂರೊ ನುಂಗಿದೆ. ಲೋಹ ಕಂಚೇ, ಅದರಲ್ಲಿ ಮೋಸವಿಲ್ಲ. ಆದರೆ ಎರಕ ಹೊಯ್ದದ್ದು ಶಿಲ್ಪಿ ತೀರಿಕೊಂಡು ಎಷ್ಟೋ ದಶಕ ಕಳೆದ ಮೇಲೆ, ಇನ್ನೊಂದು ಕಂಚಿನಿಂದಲೇ ಅಚ್ಚು ತೆಗೆದು. ಹಣ ವಾಪಸ್ ಕೇಳಿದಾಗ ಅಂಗಡಿಯವರು ತಮ್ಮ ರಸೀದಿಯನ್ನೇ ಮುಂದಿಟ್ಟರು. ಅದರಲ್ಲಿ ಮೆನ್ ಹೆಸರಿಗೆ ಮುಂಚೆ ‘ದಾಪ್ರೆ’ (ಅವನದನ್ನು ಆಧರಿಸಿದ್ದು) ಎಂದಿತ್ತು. ಕಾಲದ ಉಲ್ಲೇಖ ಎಲ್ಲೂ ಇರಲಿಲ್ಲ.

ಫ್ರಾನ್ಸಿನಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ, 1981ರ ಮಾರ್ಚ್ 3ರ ಆದೇಶ. ರಸೀದಿಯಲ್ಲಿ ಯಾವ ಷರತ್ತೂ ಇಲ್ಲದೆ ಶಿಲ್ಪಿಯ ಹೆಸರಿದ್ದರೆ ಅವನೇ ಕರ್ತೃ ಎಂಬ ಖಾತರಿ ಕೊಟ್ಟಂತೆ. ‘ಅತ್ರಿಬ್ಯುಯೆ’ ಎಂದಿದ್ದರೆ ಅವನು ಕೆಲಸ ಮಾಡುತ್ತಿದ್ದ ಕಾಲದ್ದು, ಅವನದ್ದೇ ಎನ್ನಲು ಬಲವಾದ ಆಧಾರವಿದೆ ಎಂದರ್ಥ. ‘ದಾಪ್ರೆ’, ‘ಸ್ತೀಲ್’ (ಶೈಲಿ), ‘ದಾಂ ಲ ಗೂ’ (ಅದೇ ಅಭಿರುಚಿಯದ್ದು) ಎಂದಿದ್ದರೆ ಕರ್ತೃವಿಗೂ ಕಾಲಕ್ಕೂ ಯಾವ ಖಾತರಿಯೂ ಇಲ್ಲ. ‘ಎಪೊಕ್’ (ಕಾಲ) ಎಂದೋ ಶತಮಾನವನ್ನೋ ನಮೂದಿಸಿದರೆ ಕಾಲದ ಹೊಣೆ ಮಾರಿದವರ ಮೇಲೆ ಬೀಳುತ್ತದೆ. ಅದೇ ಆದೇಶದ ಪ್ರಕಾರ, ಕೊಳ್ಳುವವರು ಕೇಳಿದರೆ ವಸ್ತುವಿನ ಸ್ವರೂಪ, ಲೋಹ, ಮೂಲ, ವಯಸ್ಸು ನಮೂದಿಸಿದ ರಸೀದಿ ಕೊಡುವುದು ಮಾರಾಟಗಾರರ ಕರ್ತವ್ಯ. ಕೇಳಬೇಕು, ಅಷ್ಟೇ, ಕೇಳದಿದ್ದರೆ ಯಾರೂ ಬರೆದುಕೊಡುವುದಿಲ್ಲ. ಹಣ ಕೊಡುವ ಮೊದಲು ಶಿಲ್ಪಿಯ ಹೆಸರು, ಫೌಂಡ್ರಿ, ‘ಬ್ರಾಂಜ್’ (ಕಂಚು) ಎಂಬ ಪದ, ಶತಮಾನ ಈ ನಾಲ್ಕನ್ನೂ ಬರೆಸಿ. ಬಾಯಲ್ಲಿ ಧಾರಾಳವಾಗಿ ಹೇಳಿ ಪೆನ್ನು ಎತ್ತಲು ಹಿಂಜರಿಯುವವರ ಅಂಗಡಿಯಿಂದ ಎದ್ದು ಬನ್ನಿ. ಹದಿನಾಲ್ಕು ದಿನದೊಳಗೆ ಹಿಂತಿರುಗಿಸಬಹುದು ಎಂಬ ನಂಬಿಕೆ ಹಲವರಲ್ಲಿದೆ. ಅದು ವ್ಯಾಪಾರಿಯಿಂದ ಆನ್‌ಲೈನಿನಲ್ಲೋ ಫೋನಿನಲ್ಲೋ ಕೊಂಡಾಗ ಸಿಗುವ ಹಕ್ಕು; ಅಂಗಡಿಯಲ್ಲಿ ನಿಂತು ಕೊಂಡದ್ದಕ್ಕೆ ಅನ್ವಯಿಸದು.

ಈಗ ಕುದುರೆಗಳ ವಿಷಯ. ಪಿಯೆರ್-ಜೂಲ್ ಮೆನ್ (1810–1879) ಪ್ರಾಣಿಶಿಲ್ಪಕ್ಕೆ ಹೆಸರಾದವನು. ಕೊರಳಿಗೆ ಕೊರಳು ತಾಗಿಸಿ ನಿಂತ ಅರಬ್ಬಿ ಕುದುರೆಗಳ ‘ಲಕೊಲಾದ್’ ಅವನ ಹೆಚ್ಚು ಮಾರಾಟವಾದ ಮಾದರಿಗಳಲ್ಲೊಂದು. ಅವನೇ ಫೌಂಡ್ರಿ ಇಟ್ಟುಕೊಂಡು ಎರಕ ಹೊಯ್ಸುತ್ತಿದ್ದ. ಅವನ ನಂತರ ಅಳಿಯ ಓಗ್ಯುಸ್ತ್ ಕೇನ್ ಮುಂದುವರಿಸಿದ, ಆಮೇಲೆ ಸ್ಯೂಸ್ ಸಂಸ್ಥೆ ಹೊಯ್ಯಿತು. ಈ ಮೂರೂ ಅಧಿಕೃತವೇ, ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಇವುಗಳಾಚೆ ಉಳಿದದ್ದು ಹೆಚ್ಚಾಗಿ ‘ಸುರ್ಮುಲಾಜ್’: ಮೂಲ ಮಾದರಿಯಿಂದಲ್ಲ, ಸಿದ್ಧವಾದ ಕಂಚಿನಿಂದ ಅಚ್ಚು ತೆಗೆದು ಹೊಯ್ದದ್ದು. 1981ರ ಆದೇಶ ಜಾರಿಯಾದ ಮೇಲೆ ಹೊಯ್ದದ್ದಾದರೆ ಇದರ ಮೇಲೆ ಕಾಣುವಂತೆ, ಅಳಿಸಲಾಗದಂತೆ ‘ರೆಪ್ರೊದ್ಯುಕ್ಸಿಯೊಂ’ (ಪ್ರತಿಕೃತಿ) ಎಂದಿರಬೇಕು. ಕೆತ್ತಿದ್ದನ್ನು ಅರದಿಂದ ತಿಕ್ಕಿ ಅಳಿಸುವುದೂ ಉಂಟು. ಪೀಠದ ಅಂಚಿನಲ್ಲಿ ಕಾರಣವಿಲ್ಲದೆ ನುಣುಪಾದ, ಬಣ್ಣ ಬೇರೆಯಾದ ಪಟ್ಟಿ ಕಂಡರೆ ಸಂಶಯಪಡಿ.

ಸುರ್ಮುಲಾಜನ್ನು ಹಿಡಿಯಲು ಮೊದಲ ಉಪಕರಣ ಟೇಪು. ಕಂಚು ಆರುವಾಗ ಶೇ 1.5ರಿಂದ 2ರಷ್ಟು ಕುಗ್ಗುತ್ತದೆ. ‘ಲಕೊಲಾದ್’ನ ಒಂದು ಪ್ರಚಲಿತ ಅಳತೆ ಸುಮಾರು 53 ಸೆಂ.ಮೀ. ಉದ್ದ, ಅದರ ಮರುಎರಕ ಎಂಟು–ಹತ್ತು ಮಿ.ಮೀ. ಗಿಡ್ಡವಾಗಿರುತ್ತದೆ. ಸಂಗ್ರಹಾಲಯಗಳ, ಹರಾಜುಮನೆಗಳ ಕ್ಯಾಟಲಾಗಿನಲ್ಲಿ ಅದೇ ಮಾದರಿಯ ನಾಲ್ಕಾರು ಅಳತೆ ಬರೆದುಕೊಂಡು ಹೋಗಿ. ಅಮೃತಶಿಲೆಯ ಪೀಠವನ್ನು ಬಿಟ್ಟು ಕಂಚನ್ನಷ್ಟೇ ಅಳೆಯಿರಿ. ‘ಇದು ಚಿಕ್ಕ ಗಾತ್ರದ ಆವೃತ್ತಿ’ ಎಂಬ ಸಮಜಾಯಿಷಿ ಬರುತ್ತದೆ, ನಂಬಬೇಡಿ. ಅಧಿಕೃತ ಚಿಕ್ಕ ಆವೃತ್ತಿ ಎದ್ದು ಕಾಣುವಷ್ಟು ಚಿಕ್ಕದು. ಒಂದು ಸೆಂಟಿಮೀಟರು ಕಡಿಮೆ ಮಾಡಿ ಯಾರೂ ಹೊಸ ಗಾತ್ರ ಹೊರತರುತ್ತಿರಲಿಲ್ಲ.

ಎರಡನೆಯದು ಕೊರೆಗೆಲಸ. ಆ ಕಾಲದ ಕಾರ್ಯಾಗಾರಗಳಲ್ಲಿ ಎರಕದ ನಂತರ ಉಳಿಯಿಂದ ಕೂದಲು, ಕಣ್ಣಿನ ರೆಪ್ಪೆ, ಹೊಟ್ಟೆಯ ನರಗಳನ್ನು ತಿದ್ದುತ್ತಿದ್ದರು. ಕುದುರೆಯ ಕೇಸರದ ಬುಡ, ಮೂಗಿನ ಹೊಳ್ಳೆ, ಗೊರಸಿನ ಅಂಚು ಇವನ್ನು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮರುಎರಕದಲ್ಲಿ ಇವೆಲ್ಲ ನೀರಿನಲ್ಲಿ ಸವೆದ ಸಾಬೂನಿನಂತೆ ದುಂಡಗಾಗಿರುತ್ತವೆ. ಸಹಿಯೂ ಹಾಗೇ, ಅಕ್ಷರದ ತಳ ಚೂಪಾಗಿರದೆ ಉಬ್ಬಿಕೊಂಡಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಬಾಯಿಬಿಡುವುದು ಬುಡ. ಅದಕ್ಕೇ ಹಸಿರು ಫೆಲ್ಟ್ ಬಟ್ಟೆ ಅಂಟಿಸಿ ಮುಚ್ಚಿರುತ್ತಾರೆ. ತೆಗೆದು ತೋರಿಸಿ ಎನ್ನಿ. ಆ ಕಾಲದ ಪ್ರಾಣಿಶಿಲ್ಪಗಳು ಹೆಚ್ಚಾಗಿ ಮರಳಚ್ಚಿನಲ್ಲಿ ಹೊಯ್ದವು. ಒಳಮೈ ತರಿತರಿಯಾಗಿ, ಕಂದಾಗಿರುತ್ತದೆ. ಬಿಡಿಬಿಡಿಯಾಗಿ ಎರಕವಾದ ತುಂಡುಗಳನ್ನು ಪಿನ್ನು, ಕೈಯಲ್ಲಿ ಕೊರೆದ ತಿರುಪು, ದಪ್ಪ ಚೌಕ ನಟ್ಟುಗಳಿಂದ ಜೋಡಿಸಿರುತ್ತಾರೆ. ಒಳಮೈ ನಯವಾಗಿದ್ದು ಸಂದುಗಳಲ್ಲಿ ಬಿಳಿ ಪುಡಿ ಕಚ್ಚಿಕೊಂಡಿದ್ದರೆ ಅದು ಬಹುತೇಕ ಈಗಿನ ಸಿರಾಮಿಕ್ ಅಚ್ಚಿನ ಎರಕ. ನಕ್ಷತ್ರ ತಲೆಯ ಸ್ಕ್ರೂ 1930ರ ದಶಕಕ್ಕೂ ಮೊದಲು ಇರಲಿಲ್ಲ. ಆರ್ಗಾನ್ ವೆಲ್ಡಿಂಗಿನ ಮೀನುಹುರುಪೆಯಂಥ ಗೆರೆ ಇನ್ನೂ ದೊಡ್ಡ ಸಾಕ್ಷಿ, ಆ ತಂತ್ರ ಬಂದದ್ದೇ 1940ರ ದಶಕದಲ್ಲಿ. ಮೇಲೆ ಹೇಳಿದ ಕುದುರೆಗಳ ಹೊಟ್ಟೆಯೊಳಗೆ ಇದ್ದದ್ದೂ ಇದೇ ಗೆರೆ. ನಟ್ಟು ಬದಲಾಗಿದ್ದರೆ ರಿಪೇರಿ ಎನ್ನಬಹುದು, ಹೊಟ್ಟೆಯುದ್ದಕ್ಕೂ ವೆಲ್ಡ್ ಇದ್ದರೆ ಏನೆನ್ನುತ್ತಾರೆ?

ಮುದ್ರೆ ಕಂಡು ಹಿಗ್ಗಬೇಡಿ. ‘ಬ್ರಾಂಜ್ ಗರಾಂತಿ, ಪರಿ, ಜೆ.ಬಿ. ದೆಪೋಸೆ’ (ಖಾತರಿ ಕಂಚು, ಪ್ಯಾರಿಸ್, ಜೆ.ಬಿ. ನೋಂದಾಯಿತ) ಎಂಬ ದುಂಡನೆಯ ಬಿಲ್ಲೆ ಈಚಿನ ನಕಲುಗಳ ಮೇಲೆ ಎಷ್ಟು ಬರುತ್ತದೆಂದರೆ, ಅದು ಕಂಡ ಕೂಡಲೇ ಅನುಭವಸ್ಥರು ವಸ್ತುವನ್ನು ಕೆಳಗಿಡುತ್ತಾರೆ. ಬಾರ್ಬೆದಿಯೆನ್ ಎಂಬ ಫೌಂಡ್ರಿಯ ಹೆಸರೂ ಅಷ್ಟೇ: ಶಿಲ್ಪಿ ಬಾರೀ 1875ರಲ್ಲಿ ತೀರಿಕೊಂಡ ಮೇಲೆ ಅವನ ಅನೇಕ ಮಾದರಿಗಳನ್ನು ಆ ಫೌಂಡ್ರಿ ಕೊಂಡದ್ದು ನಿಜ, ಆದರೆ ಮರುಎರಕ ಮಾಡುವಾಗ ಮೂಲದ ಫೌಂಡ್ರಿ ಗುರುತೂ ಜೊತೆಗೇ ಅಚ್ಚಾಗಿಬಿಡುತ್ತದೆ.

ಕಂಚೆಂದು ‘ರೆಗ್ಯುಲ್’ ಮಾರುವುದು ಇನ್ನೊಂದು ಹಳೇ ಆಟ. ಸತು, ಸೀಸ, ಆಂಟಿಮನಿಗಳ ಅಗ್ಗದ ಮಿಶ್ರಲೋಹವಿದು, ಮೇಲೆ ಕಂಚಿನ ಬಣ್ಣ. ಅಯಸ್ಕಾಂತ ಹಿಡಿದು ನೋಡಿ ತೃಪ್ತಿಪಡುವವರಿದ್ದಾರೆ. ಕಂಚಿಗೂ ರೆಗ್ಯುಲಿಗೂ ಅಯಸ್ಕಾಂತ ಅಂಟದು, ಅದರಿಂದ ಗೊತ್ತಾಗುವುದು ಕಬ್ಬಿಣ ಮಾತ್ರ. ಬುಡದ ಒಳಭಾಗದಲ್ಲಿ ಅನುಮತಿ ಕೇಳಿ ಸೂಜಿಯಿಂದ ಗೀರಿ: ಹಳದಿ ಹೊಳೆದರೆ ಕಂಚು ಅಥವಾ ಹಿತ್ತಾಳೆ, ಬೂದುಬಿಳಿಯಾದರೆ ರೆಗ್ಯುಲ್. ಬೆರಳಗೆಣ್ಣಿನಿಂದ ತಟ್ಟಿದರೆ ಕಂಚು ನಾದ ಹಿಡಿದಿಡುತ್ತದೆ, ರೆಗ್ಯುಲ್ ಮೊದ್ದಾಗಿ ಸದ್ದು ಮಾಡುತ್ತದೆ. ಅಲಂಕಾರಕ್ಕೆ ರೆಗ್ಯುಲ್ ಕೊಳ್ಳುವುದು ತಪ್ಪೇನಲ್ಲ, ಕೆಲವು ಬಹಳ ಚೆನ್ನಾಗಿವೆ. ಕಂಚಿನ ಬೆಲೆ ತೆರಬೇಡಿ. ರೆಗ್ಯುಲ್ ಬೊಂಬೆಯ ಕೈಬೆರಳು ಮುರಿದರೆ ಬೆಸೆಯುವುದೂ ಕಷ್ಟ.

1920–30ರ ದಶಕದ ನರ್ತಕಿಯರ ಬೊಂಬೆಗಳಲ್ಲಿ ಮುಖ, ಕೈ ಆನೆದಂತದ್ದಾಗಿದ್ದರೆ ಭಾರತಕ್ಕೆ ತರುವ ಯೋಚನೆಯನ್ನೇ ಬಿಡಿ. ಇಲ್ಲಿ ಆಫ್ರಿಕದ ದಂತದ ವ್ಯಾಪಾರವನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಂದ ತಿದ್ದುಪಡಿ ನಿಷೇಧಿಸಿದೆ.

ಸರಿಯಾದದ್ದನ್ನೇ ಕೊಂಡು ಮನೆಯಲ್ಲಿ ಕೆಡಿಸುವವರೂ ಕಡಿಮೆಯಿಲ್ಲ. ದೀಪಾವಳಿಗೆ ದೀಪದ ಕಂಬ ತಿಕ್ಕುವ ಹುಣಸೆಹಣ್ಣು, ಪೀತಾಂಬರಿ ಇವನ್ನು ಈ ಶಿಲ್ಪಗಳ ಹತ್ತಿರ ಸುಳಿಯಲೂ ಬಿಡಬೇಡಿ. ಆ ಕಂದುಬಣ್ಣ ಕೊಳೆಯಲ್ಲ, ರಾಸಾಯನಿಕದಿಂದ ಬೇಕೆಂದೇ ಬರಿಸಿದ ಪದರ. ಒಮ್ಮೆ ಹೋದರೆ ಬೆಲೆಯ ದೊಡ್ಡ ಪಾಲು ಅದರ ಜೊತೆ ಹೋಯಿತು. ಮೆತ್ತನೆಯ ಒಣಬ್ರಷ್ಷಿನಿಂದ ಧೂಳು ತೆಗೆದು, ವರ್ಷಕ್ಕೊಮ್ಮೆ ಮೈಕ್ರೊಕ್ರಿಸ್ಟಲೈನ್ ಮೇಣ ತೆಳ್ಳಗೆ ಸವರಿದರೆ ಸಾಕು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ತಿಳಿಹಸಿರು ಪುಡಿ ಉದುರತೊಡಗಿದರೆ ಅದು ಕ್ಲೋರೈಡಿನಿಂದ ಹುಟ್ಟುವ ಕೊರೆತ. ಮೇಲೆ ಮೇಣ ಹಚ್ಚಿ ಮುಚ್ಚಬೇಡಿ, ಉಳಿದ ಕಂಚುಗಳಿಂದ ಬೇರೆಯಾಗಿಸಿ ಒಣಜಾಗದಲ್ಲಿಟ್ಟು ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ.