ಪರ್ಸೋನಾ 5 ರಾಯಲ್ಲಾ, ಡ್ರ್ಯಾಗನ್ ಕ್ವೆಸ್ಟ್ 11 ಎಸ್ಸಾ?

ಮೊದಲ ಜಪಾನಿ ಆರ್‌ಪಿಜಿ (ಕತೆಯ ಪಾತ್ರವಾಗಿ ಆಡುವ ವಿಡಿಯೊ ಗೇಮ್) ಯಾವುದು ಆಡಲಿ ಅಂತ ಕೇಳಿದ್ದೀರಿ. ಎರಡರಲ್ಲೂ ಕಾದಾಟ ಸರದಿ ಪ್ರಕಾರವೇ, ಬೆರಳಿನ ಚುರುಕು ಬೇಕಿಲ್ಲ.

ಸಮಯದ ವಿಷಯ ಮೊದಲು. ಪರ್ಸೋನಾ ಸುಲಭವಾಗಿ ನೂರು ಗಂಟೆ ನುಂಗುತ್ತದೆ. ಟೋಕಿಯೊದ ಹೈಸ್ಕೂಲ್ ಹುಡುಗನ ಒಂದು ವರ್ಷ, ಕ್ಯಾಲೆಂಡರ್ ದಿನ ದಿನವೂ ಮಗುಚುತ್ತದೆ. ಸಂಜೆ ಓದಬೇಕಾ, ಗೆಳೆಯನನ್ನು ಕಾಣಬೇಕಾ? ಒಂದಕ್ಕೇ ಪುರಸೊತ್ತು. ರಾಯಲ್ ಎಂಬ ಈ ಹಿಗ್ಗಿಸಿದ ಆವೃತ್ತಿಯಲ್ಲಿ ಸೇರಿಸಿದ ಕೊನೆಯ ಭಾಗ ಬೇಕಿದ್ದರೆ ಶಾಲೆಯ ಆಪ್ತಸಲಹೆಗಾರ ಮರುಕಿಯ ಸ್ನೇಹವನ್ನು ಆಟದ ನವೆಂಬರ್ 18ರೊಳಗೆ 9ನೇ ಹಂತಕ್ಕೆ ಮುಟ್ಟಿಸಿರಬೇಕು. ಇದನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ. ನಾನು ತಪ್ಪಿಸಿಕೊಂಡು ತಲೆ ಚಚ್ಚಿಕೊಂಡೆ. ಶತ್ರುವಿನ ದೌರ್ಬಲ್ಯಕ್ಕೆ ಹೊಡೆದರೆ ಇನ್ನೊಂದು ಸರದಿ ಸಿಗುತ್ತದಲ್ಲ, ಆ ಮಜಾ ಮಾತ್ರ ಬೇರೆಯೇ.

ಡ್ರ್ಯಾಗನ್ ಕ್ವೆಸ್ಟೂ ಚಿಕ್ಕದಲ್ಲ, ಆದರೆ ಗಡುವಿನ ಕಾಟವಿಲ್ಲ. ಎರಡು ವಾರ ಬಿಟ್ಟು ಬಂದರೂ ಕತೆ ಕಾಯುತ್ತಿರುತ್ತದೆ. ಪಾತ್ರಗಳ ಚಿತ್ರ ಬಿಡಿಸಿದವರು ಡ್ರ್ಯಾಗನ್ ಬಾಲ್ ಕಾಮಿಕ್ಸ್‌ನ ಅಕಿರಾ ತೊರಿಯಾಮಾ. ಹೊಟ್ಟೊ ಎಂಬ ಊರಿನ ಜನ ಇಂಗ್ಲಿಷ್ ಆವೃತ್ತಿಯಲ್ಲಿ ಹೈಕುವಿನಲ್ಲೇ, ಅಂದರೆ ಜಪಾನಿನ ಮೂರು ಸಾಲಿನ ಪುಟ್ಟ ಕವಿತೆಯಲ್ಲೇ ಮಾತಾಡುತ್ತಾರೆ!

ದುಡ್ಡು? ಎರಡೂ ಸೇಲ್‌ಗೆ ಬರುತ್ತವೆ, ಕಾಯಿರಿ. ಡ್ರ್ಯಾಗನ್ ಕ್ವೆಸ್ಟ್‌ಗೆ ಉದ್ದನೆಯ ಉಚಿತ ಡೆಮೊ ಇದೆ, ಸೇವ್ ಪೂರ್ತಿ ಆಟಕ್ಕೂ ನಡೆಯುತ್ತದೆ.

ಮನೆಯಲ್ಲಿ ಮಕ್ಕಳು ಪಕ್ಕ ಕೂತು ನೋಡುವುದಾದರೆ ಪರ್ಸೋನಾ ಬೇಡ, ಮೊದಲ ಖಳನೇ ವಿದ್ಯಾರ್ಥಿಗಳನ್ನು ಪೀಡಿಸುವ ಮೇಷ್ಟ್ರು. ದಿನಾ ರಾತ್ರಿ ಒಬ್ಬರೇ ಕೂತು ಆಡುವವರಾದರೆ ಪರ್ಸೋನಾನೇ ಸರಿ.