ಪೆಲಿಕನ್ 1750 ರೈಫಲ್ ಕೇಸ್: ಬಳ್ಳಾರಿಯಿಂದ ಭೋಪಾಲ್‌ಗೆ ಕಾರಲ್ಲಿ ಹೋಗುವವರಿಗೆ

ಹೊಸಪೇಟೆ, ಕುಷ್ಟಗಿ, ಇಳಕಲ್, ವಿಜಯಪುರ, ಸೊಲ್ಲಾಪುರ, ಧುಲೆ, ಇಂದೋರ್ ದಾಟಿ ಭೋಪಾಲ್‌ನ ರಾಜ್ಯ ಶೂಟಿಂಗ್ ಅಕಾಡೆಮಿ ಮುಟ್ಟುವಷ್ಟರಲ್ಲಿ 1200 ಕಿ.ಮೀ. ಮೀರುತ್ತದೆ. 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್ಲಿಗೆ ಮೊದಲ ಪೆಟ್ಟು ಮಾತ್ರ ಮನೆ ಹತ್ತಿರವೇ ಬೀಳುತ್ತದೆ. ಅದಿರು ಲಾರಿ ಎಬ್ಬಿಸುವ ಕೆಂಪು ದೂಳು ಬಟ್ಟೆ ಬ್ಯಾಗಿನ ಜಿಪ್ಪಿನ ಹಲ್ಲುಗಳ ಸಂದಿಯಲ್ಲೇ ಒಳಗಿಳಿದು, ಎಣ್ಣೆ ಸವರಿದ ಬೋಲ್ಟಿಗೆ ಅಂಟಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

ಪೆಲಿಕನ್ 1750 ಅನ್ನುವ ಈ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಅಷ್ಟು ದುಡ್ಡು ಹಾಕುವುದು ಇದಕ್ಕಾಗಿಯೇ. ಮುಚ್ಚಳದ ಸುತ್ತಲಿನ ರಬ್ಬರ್ ರಿಂಗ್ ದೂಳು, ನೀರು ಎರಡನ್ನೂ ತಡೆಯುತ್ತದೆ. ಆದರೆ ಮುಚ್ಚುವ ಮುನ್ನ ರಿಂಗನ್ನೂ ಅದು ಕೂರುವ ಅಂಚನ್ನೂ ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ಒಂದು ಮರಳಿನ ಹರಳು ಸಿಕ್ಕಿಕೊಂಡರೆ ಸಾಕು, ಅಲ್ಲೇ ದಾರಿಯಾಗುತ್ತದೆ.

ಒಳ ಉದ್ದ 50.5 ಇಂಚು. 42-43 ಇಂಚಿನ ರೈಫಲ್ ಮಲಗಿದ ಮೇಲೂ ಸಾಮಾನಿಗೆ ಜಾಗ ಉಳಿಯುತ್ತದೆ. ಹಾಗಂತ ಎರಡು ಮ್ಯಾಚ್ ರೈಫಲ್ ತುರುಕಬೇಡಿ, 13.5 ಇಂಚಿನ ಅಗಲ ಸಾಲದು. ಫೋಮ್ ಕತ್ತರಿಸುವಾಗ ಗುರುತಿನ ಗೆರೆಗಿಂತ 3-4 ಮಿ.ಮೀ. ಒಳಗೆ ಕತ್ತರಿಸಿ, ಆಗ ರೈಫಲ್ ಬಿಗಿಯಾಗಿ ಕೂರುತ್ತದೆ. ಹಿಂಬದಿ ಸೈಟಿನ (ಗುರಿ ನೋಡುವ ಭಾಗದ) ಸುತ್ತ ಮಾತ್ರ ಸಡಿಲ ಇರಲಿ. ಅಲ್ಲಿ ಫೋಮ್ ಒತ್ತಿದರೆ ಒಂದೊಂದು ಹಂಪ್ಸ್ ಹಾರಿದಾಗಲೂ ಭಾರವೆಲ್ಲ ಸೈಟಿನ ಮೇಲೆ ಬೀಳುತ್ತದೆ. ಸೈಟ್ ಬಿಚ್ಚುವುದೇ ವಾಸಿ. ಸೈಟ್ ಕೂರುವ ಪಟ್ಟಿಯ ಮೇಲೆ ಬಿಳಿ ಪೆನ್ನಿನಿಂದ ಗೆರೆ ಎಳೆದಿಡಿ, ಕೆನ್ನೆ ಆನಿಸುವ ಪಟ್ಟಿಯ ಸ್ಕ್ರೂಗಳಿಗೂ ಹಾಗೇ ಮಾಡಿ. ಅಲುಗಾಟಕ್ಕೆ ಸಡಿಲಾದದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಡಬ್ಬಿಯಲ್ಲೂ ಮುಚ್ಚಳದಡಿ ಒಂದು ತುಂಡು ಸ್ಪಂಜ್ ಇಡಿ. ಸೀಸದ ಪೆಲೆಟ್ಟಿನ ತೆಳು ಅಂಚು ಕುಲುಕಾಟಕ್ಕೇ ಸೊಟ್ಟಗಾಗುತ್ತದೆ.

ಬಿಸಿಲಿಗೆ ಮಾತ್ರ ಈ ಕೇಸ್ ಏನೂ ಮಾಡಲಾರದು. ಕಪ್ಪು ಬಣ್ಣ, ದಪ್ಪ ಫೋಮ್: ಒಳಗೆ ಸೇರಿದ ಕಾವು ಬೇಗ ಹೊರಬರುವುದಿಲ್ಲ. ಬೆಳಗ್ಗೆ 25 ಡಿಗ್ರಿಯಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ರೈಫಲ್ಲಿನ ಸಿಲಿಂಡರ್ 60 ಡಿಗ್ರಿ ಮುಟ್ಟಿದರೆ ಒತ್ತಡ 220 ಬಾರ್ ದಾಟುತ್ತದೆ. ಆದ್ದರಿಂದ 150 ಬಾರಿಗೇ ನಿಲ್ಲಿಸಿ, ಬಿಚ್ಚಿ ಬೇರೆ ಗೂಡಿನಲ್ಲಿಡಿ, ಬಾಕಿಯದನ್ನು ಶೂಟಿಂಗ್ ರೇಂಜಿನಲ್ಲಿ ತುಂಬಿಸಿಕೊಳ್ಳಿ. ಊಟಕ್ಕೆ ನಿಂತಾಗ ಕಾರು ನೆರಳಲ್ಲಿರಲಿ. ಸಿಲಿಂಡರಿನ 10 ವರ್ಷದ ಅವಧಿ ಮುಗಿದಿದೆಯಾ ಅಂತ ಹೊರಡುವ ಮುಂಚೆಯೇ ನೋಡಿ. ಅಷ್ಟು ದೂರ ಹೋದ ಮೇಲೆ ನೋಡಿ ಏನೂ ಪ್ರಯೋಜನವಿಲ್ಲ.

ಇನ್ನೊಂದು ತಕರಾರು ಗಾತ್ರದ್ದು. ಹೊರ ಉದ್ದ ಸುಮಾರು 53 ಇಂಚು, ತೂಕ ಫೋಮ್ ಸೇರಿ 12 ಕೆ.ಜಿ. ಹತ್ತಿರ. ಸಣ್ಣ ಕಾರಿನ ಡಿಕ್ಕಿಯಲ್ಲಿ ಅಡ್ಡ ಹಿಡಿಯುವುದಿಲ್ಲ, ಹಿಂದಿನ ಸೀಟು ಮಡಚಲೇಬೇಕು. ಅಂದರೆ ಒಬ್ಬರ ಜಾಗ ಹೋಯಿತು. ಟೇಪ್ ಹಿಡಿದು ಅಳೆದು ಆಮೇಲೆ ಕೊಳ್ಳಿ. ವರ್ಷಕ್ಕೊಮ್ಮೆ ಬೆಂಗಳೂರಿಗಷ್ಟೇ ಹೋಗಿಬರುವವರಿಗೆ ಇದು ಬೇಡ. ಬಟ್ಟೆ ಬ್ಯಾಗಿಗೆ ದಪ್ಪ ಪ್ಲಾಸ್ಟಿಕ್ ಸುತ್ತಿದರೆ ನಡೆಯುತ್ತದೆ.

0.177 ಇಂಚಿನ ಬೋರ್ (ನಳಿಗೆಯ ಒಳ ಅಗಲ), 20 ಜೌಲ್ ಶಕ್ತಿಯ ಒಳಗಿನ ಏರ್ ರೈಫಲ್ಲಿಗೆ 2016ರ ಆಯುಧ ನಿಯಮದಡಿ ಲೈಸೆನ್ಸ್ ಬೇಕಿಲ್ಲ. ಆದರೂ ಈ ಉದ್ದದ ಕರಿ ಪೆಟ್ಟಿಗೆ ಕಂಡರೆ ಗಡಿಯಲ್ಲಿ ತೆಗೆಸಿ ನೋಡುತ್ತಾರೆ. ಖರೀದಿ ಬಿಲ್ಲು, ಸ್ಪರ್ಧೆಯ ಎಂಟ್ರಿ ಕಾಗದ ಡ್ಯಾಶ್‌ಬೋರ್ಡಿನಲ್ಲೇ ಇರಲಿ, ಬೀಗದ ಕೈ ಜೇಬಿನಲ್ಲಿ.

ಚಳಿಗಾಲದ ಸ್ಪರ್ಧೆಯಾದರೆ ಇನ್ನೊಂದು ಮಾತು. ರಾತ್ರಿಯೆಲ್ಲ ಕಾರಿನಲ್ಲಿ ತಣ್ಣಗಾದ ಕೇಸನ್ನು ಬೆಚ್ಚಗಿನ ಶೂಟಿಂಗ್ ಕೋಣೆಗೆ ತಂದ ಕೂಡಲೇ ತೆರೆದರೆ ಬ್ಯಾರಲ್ ಮೇಲೆ ಮಂಜಿನ ಹನಿ ಕೂರುತ್ತದೆ. ಒಂದು ತಾಸು ಮುಚ್ಚಿಯೇ ಇಟ್ಟು ಆಮೇಲೆ ತೆರೆಯಿರಿ.